ಕುಂಬಾರನ ಕತ್ತೆ, ಕುಂಬಾರನ ಅಪ್ಪ

ಮಲೆನಾಡಿನ ಹೆಂಚಿನ ಮನೆಯಲ್ಲಿ ನಾಲ್ಕಾರು ಮಳೆಗಾಲ ಕಳೆದವರಿಗೆ ಒಂದು ವಿಷಯ ಯಾರೂ ಹೇಳಿಕೊಡದೆಯೇ ಗೊತ್ತಿರುತ್ತದೆ. ನೀರು ತೊಟ್ಟಿಕ್ಕುವುದು ಊಟದ ಮನೆಯಲ್ಲಾದರೂ ಹೆಂಚು ಒಡೆದಿರುವುದು ಅದರ ನೆತ್ತಿಯ ಮೇಲೇ ಎಂದು ನಂಬುವಂತಿಲ್ಲ. ಒಳಗೆ ನುಸುಳಿದ ನೀರು ರೀಪಿನ ಮೇಲೆ ಹರಿದು, ಪಕಾಸಿಯನ್ನು ಹಿಡಿದು ಇಳಿದು, ಮರದಲ್ಲೊಂದು ಗಂಟು ಸಿಕ್ಕಿದ ಕಡೆ ತಡೆದು ನಿಂತು, ಅಲ್ಲಿಂದ ಬೀಳುತ್ತದೆ. ಕೆಳಗೆ ಪಾತ್ರೆ ಇಡುವವರು ಸೋರುವ ಜಾಗ ನೋಡುತ್ತಾರೆ, ಮಾಡು ಹತ್ತುವವನು ಒಡೆದ ಜಾಗ ಹುಡುಕುತ್ತಾನೆ. ಈ ಎರಡರ ನಡುವೆ ಮನೆಯವರೆಲ್ಲ ಸೇರಿ ಮಾಡುವ ಇನ್ನೊಂದು ಕೆಲಸವಿದೆ: ಕೊನೆಗೆ ಮಾಡು ಹತ್ತಿದವನು ಯಾರು ಎಂದು ನೆನಪು ಮಾಡಿಕೊಳ್ಳುವುದು. ಟೀವಿ ಆಂಟೆನಾ ತಿರುಗಿಸಲು ಹತ್ತಿದ ಪಕ್ಕದ ಮನೆಯ ಹುಡುಗ ಎಷ್ಟು ಮನೆಗಳ ಸೋರಿಕೆಗೆ ಬೈಗುಳ ತಿಂದಿದ್ದಾನೋ! ಕೆಲವು ಸಲ ಅವನ ಕಾಲಿನಿಂದಲೇ ಹೆಂಚು ಒಡೆದಿರುತ್ತಿತ್ತು ಎಂಬುದೂ ನಿಜವೇ. ಆದರೆ ಬೈಯುವಾಗ ಅದು ಯಾರಿಗೂ ಗೊತ್ತಿರುತ್ತಿರಲಿಲ್ಲ.

ಕೊನೆಗೆ ಮುಟ್ಟಿದವನೇ ಕೆಡಿಸಿದವನು ಎಂಬ ಈ ತೀರ್ಪನ್ನು ನಾವು ಕಡಲು ದಾಟಿ ಬರುವಾಗ ಹಪ್ಪಳ, ಉಪ್ಪಿನಕಾಯಿಗಳ ಜೊತೆ ಕಟ್ಟಿಕೊಂಡೇ ಬಂದಿದ್ದೇವೆ. ಇಲ್ಲಿ ಅದನ್ನು ಸ್ವಲ್ಪ ಬಿಚ್ಚಿ ನೋಡಬೇಕೆಂದಿದ್ದೇನೆ. ನೋಡಲು ಸಿಕ್ಕಿದ ನೆಪ ಹೆಂಚಲ್ಲ, ಒಂದು ಕಾರಿನ ಎಂಜಿನ್.

ಡೆಟ್ರಾಯಿಟ್ ಸುತ್ತಿನ ಊರೊಂದರಲ್ಲಿರುವ ನನ್ನ ಗೆಳೆಯರು ಎಂಟು ವರ್ಷ ಓಡಿಸಿದ ಕಾರನ್ನು ಮಗನಿಗೆ ಕೊಟ್ಟರು. ಹನ್ನೆರಡು ವರ್ಷದ ಹಳೆಯ ಗಾಡಿ. ನಾಲ್ಕು ಸಿಲಿಂಡರು, ಹಿಂಚಕ್ರಕ್ಕೆ ಶಕ್ತಿ. ಹುಡುಗ ಕಾಲೇಜಿನ ಮೂರನೆಯ ವರ್ಷದಲ್ಲಿದ್ದಾನೆ. ಆ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಕಾರಿನ ಹುಚ್ಚು ಹತ್ತದಿದ್ದರೆ ಆಶ್ಚರ್ಯಪಡಬೇಕು. ಪ್ರತಿ ಆಗಸ್ಟಿನಲ್ಲಿ ವುಡ್‌ವರ್ಡ್ ಅವೆನ್ಯೂ ಉದ್ದಕ್ಕೂ ಹಳೆಯ ಕಾರುಗಳ ಜಾತ್ರೆ ನಡೆಯುತ್ತದೆ. 1995ರಲ್ಲಿ ಶುರುವಾದ ಈ ‘ಡ್ರೀಮ್ ಕ್ರೂಸ್’ ನಮ್ಮ ಕಡೆಯ ರಥೋತ್ಸವಕ್ಕೆ ಯಾವುದರಲ್ಲೂ ಕಡಿಮೆಯಿಲ್ಲ. ಜನ ಬೆಳಗಿನಿಂದಲೇ ಕುರ್ಚಿ ಹಾಕಿಕೊಂಡು ರಸ್ತೆಬದಿಯಲ್ಲಿ ಕುಳಿತಿರುತ್ತಾರೆ. ಅದನ್ನು ಚಿಕ್ಕಂದಿನಿಂದ ನೋಡಿದ ಹುಡುಗ ಅಪ್ಪನ ಕಾರಿಗೆ ಟರ್ಬೊ ಕೂರಿಸಿದ. ಬೇಸಿಗೆಯಲ್ಲಿ ದುಡಿದ ದುಡ್ಡಿನಲ್ಲಿ ಭಾಗಗಳನ್ನು ತರಿಸಿ, ಗ್ಯಾರೇಜಿನಲ್ಲಿ ಗೆಳೆಯನೊಬ್ಬನ ಜೊತೆ ಸೇರಿ, ಸೆಪ್ಟೆಂಬರಿನಲ್ಲಿ ಕೆಲಸ ಮುಗಿಸಿದ. ಕಾರು ಓಡಿತು, ಚೆನ್ನಾಗಿಯೇ ಓಡಿತು. ಜನವರಿಯ ಮೂರನೆಯ ವಾರ ಗ್ಯಾರೇಜಿನ ನೆಲದ ಮೇಲೆ ದೋಸೆಕಲ್ಲಿನಷ್ಟು ಅಗಲದ ಎಣ್ಣೆಯ ಕಲೆ.

ಕಂಪನಿಯವರದಲ್ಲದ ಭಾಗವನ್ನು ಆಮೇಲೆ ಕೂರಿಸಿಕೊಳ್ಳುವ ಈ ಚಟದ ಹಿಂದೆ ದೊಡ್ಡದೊಂದು ವ್ಯಾಪಾರವೇ ಇದೆ, ಅದರ ಒಂದು ಬೇರು ನಮ್ಮ ಶಿಕಾಗೋದಲ್ಲಿದೆ. ಲಿಥುವೇನಿಯಾದಿಂದ ಬಂದ ಇಸ್ರೇಲ್ ವಾರ್ಷಾವ್‌ಸ್ಕಿ ಎಂಬಾತ 1915ರಲ್ಲಿ ಇಲ್ಲಿ ಗುಜರಿ ಅಂಗಡಿ ಇಟ್ಟ. ಕೆಟ್ಟು ನಿಂತ ಕಾರುಗಳನ್ನು ಕೊಂಡು, ಬಿಚ್ಚಿ, ಭಾಗಗಳನ್ನು ಮಾರುತ್ತಿದ್ದ. ಮಗ ರಾಯ್ 1934ರಲ್ಲಿ ಅಂಚೆಯ ಮೂಲಕ ಮಾರುವುದನ್ನು ಶುರುಮಾಡಿದ. ಆ ವ್ಯಾಪಾರ ದೇಶಕ್ಕೆಲ್ಲ ಹೆಸರಾದದ್ದು ಜೆ.ಸಿ. ವಿಟ್ನಿ ಎಂಬ ಅಪ್ಪಟ ಅಮೆರಿಕನ್ ಕಿವಿಗೆ ಹಿತವಾದ ಹೆಸರಿನಲ್ಲಿ. ಅಂಥ ವಿಟ್ನಿ ಯಾರೂ ಇರಲಿಲ್ಲ. ವಲಸೆಗಾರನ ಅಂಗಡಿಗೆ ಆಮೇಲೆ ಕೂರಿಸಿದ ಒಂದು ಹೆಸರು, ಅಷ್ಟೇ. ಇಲ್ಲಿ ನಮ್ಮ ಶ್ರೀನಿವಾಸರು ಸ್ಟೀವ್ ಆಗುವುದನ್ನು ಕಂಡು ನಗುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಎಣ್ಣೆ ಸೋರಿದ್ದಕ್ಕೆ ಒಂದೇ ದಿನದಲ್ಲಿ ನಾಲ್ಕು ಕಾರಣಗಳು ಹುಟ್ಟಿಕೊಂಡವು. ಅಪ್ಪ ಹೇಳಿದರು: “ನಾನು ಮೊದಲೇ ಬಡಕೊಂಡೆ. ಎಂಟು ವರ್ಷ ಓಡಿಸಿದೀನಿ, ಒಂದು ತೊಟ್ಟು ಸೋರಿಲ್ಲ ಕಣೋ.” ಹತ್ತಿರದ ಗ್ಯಾರೇಜಿನವನು ಕೆಳಗಿನಿಂದ ಟಾರ್ಚು ಬಿಟ್ಟು ನೋಡಿ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಸಂದಿನಿಂದ ಎಣ್ಣೆ ಬರುತ್ತಿದೆ, ಕ್ರ್ಯಾಂಕಿನ ಹಿಂಭಾಗದ ಸೀಲು ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, 1,200 ಡಾಲರ್ ಆಗುತ್ತದೆ ಎಂದ. ಟರ್ಬೊ ಮಾರಿದವರು ಕೂರಿಸಿದ ರೀತಿ ಸರಿಯಿಲ್ಲ ಎಂದರು. ಹುಡುಗ ಮಾತ್ರ, ತನ್ನ ಕೆಲಸದಲ್ಲಿ ತಪ್ಪಿಲ್ಲ, ಗಾಡಿಯೇ ಹಳೆಯದು ಎಂದ. ಗಮನಿಸಿ, ನಾಲ್ವರೂ ತಮ್ಮಿಂದ ದೂರಕ್ಕೆ ಬೆರಳು ತೋರಿಸಿದ್ದಾರೆ, ನಾಲ್ವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ.

ನಾನು ಮೂವತ್ತು ವರ್ಷ ವಾಹನದ ಬಿಡಿಭಾಗಗಳ ಗುಣಮಟ್ಟ ನೋಡುವ ಕೆಲಸ ಮಾಡಿದವನು. ವಾರಾಂತ್ಯಕ್ಕೆ ನೇಪರ್‌ವಿಲ್ಲಿನಿಂದ ಹೊರಟು ಐ-94 ಹಿಡಿದು ಅಲ್ಲಿಗೆ ಹೋದಾಗ ಹುಡುಗ, “ಅಂಕಲ್, ನೀವೇ ಹೇಳಿ” ಎಂದು ಪಂಚಾಯಿತಿಗೆ ಕರೆದ. ಹೇಳುವ ಮೊದಲು ತೊಳೆಯೋಣ ಎಂದೆ.

ಸೋರಿಕೆ ಹುಡುಕುವುದರಲ್ಲಿ ಅರ್ಧ ಕೆಲಸ ತೊಳೆಯುವುದೇ. ಹಳೆಯ ಎಣ್ಣೆ, ರಸ್ತೆಯ ಉಪ್ಪು, ಧೂಳು ಎಲ್ಲ ಅಂಟಿಕೊಂಡ ಎಂಜಿನ್ನಿನ ಮೇಲೆ ಹೊಸ ಎಣ್ಣೆ ಯಾವುದೆಂದು ತಿಳಿಯುವುದಿಲ್ಲ. ಎಣ್ಣೆ ಇಳಿಜಾರು ಹಿಡಿಯುತ್ತದೆ, ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೆ ದೂಡುತ್ತದೆ. ಆದ್ದರಿಂದ ಎಲ್ಲಿಂದ ಹೊರಟರೂ ಅದು ಕೊನೆಗೆ ಸೇರುವುದು ಎಂಜಿನ್ನಿನ ಹಿಂದಿನ ತಳಭಾಗವನ್ನು. ಅಲ್ಲಿ ನೋಡಿದವರಿಗೆ ಹಿಂದಿನ ಸೀಲೇ ಅಪರಾಧಿಯಾಗಿ ಕಾಣುತ್ತದೆ. ಕಸುಬಿನವರ ಸೂತ್ರ ಸರಳ: ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅದನ್ನು ನೋಡು. ನಾವು ಎಂಜಿನ್ ತೊಳೆದು ಒಣಗಿಸಿ, ಆಯಿಲ್‌ಗೆ ಹೊಳೆಯುವ ಬಣ್ಣದ ಸಣ್ಣ ಬಾಟಲಿ ಸುರಿದು, ಇಪ್ಪತ್ತು ಮೈಲಿ ಓಡಿಸಿ ಬಂದು, ದೀಪ ಆರಿಸಿ, ನೇರಳಾತೀತ ಟಾರ್ಚು ಹಾಕಿದೆವು. ಟರ್ಬೊಗೆ ಎಣ್ಣೆ ಒಯ್ಯುವ ಕೊಳವೆ, ಅದರ ತಾಮ್ರದ ವಾಷರುಗಳು, ಫಿಲ್ಟರಿನ ಬುಡ, ಎಲ್ಲ ಒಣಗಿದ್ದವು. ಹುಡುಗ ಕೈಯಿಟ್ಟ ಒಂದು ಜೋಡಣೆಯೂ ಒಸರಿರಲಿಲ್ಲ. ಹಳದಿ-ಹಸಿರು ಗೆರೆಯೊಂದು ಎಂಜಿನ್ನಿನ ನೆತ್ತಿಯ ಮೇಲಿನ ವಾಲ್ವ್ ಕವರಿನ ಹಿಂದಿನ ಮೂಲೆಯಿಂದ ಹೊರಟು, ಕತ್ತಲಲ್ಲಿ ಮಿಂಚುಹುಳದ ಸಾಲಿನ ಹಾಗೆ, ಬೆನ್ನಿನ ಮೇಲಿಂದ ಇಳಿದು ಹೋಗಿತ್ತು. ಆ ಕವರಿನ ಕೆಳಗಿನ ರಬ್ಬರ್ ಗ್ಯಾಸ್ಕೆಟ್ ಮುಟ್ಟಿದರೆ ಪ್ಲಾಸ್ಟಿಕ್ಕಿನಂತೆ ಗಡುಸಾಗಿತ್ತು. ಹನ್ನೆರಡು ವರ್ಷದ ಬಿಸಿಗೆ ಬೆಂದ ರಬ್ಬರು. ಗೇರ್‌ಬಾಕ್ಸ್ ಇಳಿಸುವ ಮಾತು ಅಲ್ಲಿಗೆ ನಿಂತಿತು.

(ಈ ಕವರಿನ ಬೋಲ್ಟುಗಳನ್ನು ಇನ್ನೊಂದು ಸುತ್ತು ಬಿಗಿದರಾಯಿತು ಎನ್ನುವವರು ಬಹಳ. ಗ್ಯಾಸ್ಕೆಟ್ಟಿಗೆ ಬೇಕಾದ ಬಿಗಿ ತೀರ ಕಡಿಮೆ. ಹೆಚ್ಚು ಬಿಗಿದರೆ ಅದು ನಜ್ಜುಗುಜ್ಜಾಗಿ ಮೊದಲಿಗಿಂತ ಜೋರಾಗಿ ಸೋರುತ್ತದೆ.)

ಹಾಗಾದರೆ ಗಾಡಿ ಹಳೆಯದು ಎಂದ ಹುಡುಗನೇ ಗೆದ್ದನೇ? ಅವನ ಮುಖ ಅರಳಿತ್ತು. ಆದರೆ ಆ ಗ್ಯಾಸ್ಕೆಟ್ ಡಿಸೆಂಬರಿನಲ್ಲೂ ಅಷ್ಟೇ ಗಡುಸಾಗಿತ್ತಲ್ಲ, ಆಗ ಏಕೆ ಸೋರಲಿಲ್ಲ?

ಎಂಜಿನ್ನಿನಲ್ಲಿ ಉರಿದ ಅನಿಲದ ಸ್ವಲ್ಪ ಭಾಗ ಪಿಸ್ಟನ್ ಉಂಗುರಗಳ ಸಂದಿನಿಂದ ಕೆಳಗೆ ನುಸುಳುತ್ತದೆ. ಎಷ್ಟೇ ಹೊಸ ಎಂಜಿನ್ನಾದರೂ ಇದು ತಪ್ಪಿದ್ದಲ್ಲ. ಎಣ್ಣೆ ಇರುವ ಕೆಳಕೋಣೆಯಲ್ಲಿ ಅದು ಸೇರಿಕೊಂಡರೆ ಒತ್ತಡ ಏರುತ್ತದೆ, ಒತ್ತಡ ದುರ್ಬಲವಾದ ಸಂದನ್ನು ಹುಡುಕುತ್ತದೆ. ಹಳೆಯ ಕಾರುಗಳಲ್ಲಿ ಒಂದು ಕೊಳವೆಯಿಂದ ಅದನ್ನು ರಸ್ತೆಗೇ ಬಿಡುತ್ತಿದ್ದರು. 1960ರ ದಶಕದಿಂದ ಈಚೆಗೆ ಅದನ್ನು ಮತ್ತೆ ಎಂಜಿನ್ನಿನ ಉಸಿರಿಗೇ ಸೇರಿಸಿ ಸುಡುವ ಏರ್ಪಾಡು ಬಂತು. ಟರ್ಬೊ ಕೂರಿಸಿದಾಗ ಸಿಲಿಂಡರಿನ ಒತ್ತಡ ಹೆಚ್ಚಿ, ಕೆಳಗೆ ನುಸುಳುವುದೂ ಹೆಚ್ಚುತ್ತದೆ. ಆ ಅನಿಲದ ಜೊತೆ ಬರುವ ಎಣ್ಣೆಯ ಹಬೆ ಮತ್ತೆ ಒಳಗೆ ಹೋಗದಂತೆ ಹಿಡಿದಿಡಲು ನಡುವೆ ಒಂದು ಡಬ್ಬಿ ಕೂರಿಸುತ್ತಾರೆ. ಹುಡುಗನೂ ಕೂರಿಸಿದ್ದ, ಸರಿಯಾಗಿಯೇ. ಆದರೆ ಆ ಹಬೆಯಲ್ಲಿ ನೀರೂ ಇರುತ್ತದೆ. ಮನೆಯಿಂದ ಕಾಲೇಜಿಗೆ ಹತ್ತು ನಿಮಿಷದ ದಾರಿ, ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಪ್ರಯಾಣ ಮುಗಿಯುತ್ತದೆ. ಜನವರಿಯ ಮಿಷಿಗನ್ನಿನ ಚಳಿಯಲ್ಲಿ ಡಬ್ಬಿಗೆ ಹೋಗುವ ರಬ್ಬರು ಕೊಳವೆಯೊಳಗೆ ಆ ನೀರು ಹೆಪ್ಪುಗಟ್ಟಿತ್ತು. ಬೆಳಗ್ಗೆ ಬಿಚ್ಚಿದಾಗ ಮಜ್ಜಿಗೆ ಬಣ್ಣದ ಮಂಜುಗಡ್ಡೆಯ ಬಿರಡೆಯೊಂದು ಹೊರಬಂತು. ಅನಿಲಕ್ಕೆ ದಾರಿಯಿಲ್ಲ, ಒತ್ತಡ ಏರಿದೆ, ಗಡುಸಾದ ಗ್ಯಾಸ್ಕೆಟ್ ಮಣಿದಿದೆ.

ಡಬ್ಬಿ ತೆಗೆದು ಹಳೆಯ ಕೊಳವೆಯನ್ನೇ ಜೋಡಿಸಿ ಅದೇ ಚಳಿಯಲ್ಲಿ ಒಂದು ವಾರ ಓಡಿಸಿದ, ಸೋರಲಿಲ್ಲ. ಮಾರ್ಚಿನಲ್ಲಿ ಡಬ್ಬಿ ಮತ್ತೆ ಕೂರಿಸಿದ, ಚಳಿ ಇರಲಿಲ್ಲ, ಸೋರಲಿಲ್ಲ. ಗ್ಯಾಸ್ಕೆಟ್ ಹೊಸದಾಗಿದ್ದರೆ ಜನವರಿಯಲ್ಲೂ ಬಹುಶಃ ತಡೆಯುತ್ತಿತ್ತು.

ಇಲ್ಲಿ ನಮ್ಮ ನ್ಯಾಯಶಾಸ್ತ್ರದವರನ್ನು ಕರೆಯದೆ ವಿಧಿಯಿಲ್ಲ. ಒಂದು ಇದ್ದಾಗ ಇನ್ನೊಂದು ಇರುವುದು ಅನ್ವಯ, ಅದು ಇಲ್ಲದಾಗ ಇದೂ ಇಲ್ಲದಿರುವುದು ವ್ಯತಿರೇಕ. ಎರಡನ್ನೂ ನೋಡಿಯೇ ಕಾರಣವನ್ನು ಹೇಳಬೇಕು ಎನ್ನುತ್ತಾರೆ ಅವರು. ಡಬ್ಬಿ ತೆಗೆದು ಓಡಿಸಿದ ಹುಡುಗ ಮಾಡಿದ್ದು ವ್ಯತಿರೇಕವನ್ನೇ. ಅಪ್ಪ ಮಾಡಿದ್ದು ಬರಿಯ ‘ಆಮೇಲೆ’ಯ ಲೆಕ್ಕ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದದ್ದನ್ನು ಕಾರಣವೆಂದು ಹಿಡಿಯಬಾರದು ಎಂಬುದು ಗಾದೆಯಾಗಿ ನಮ್ಮೆಲ್ಲರ ಬಾಯಲ್ಲಿದೆ. ನೈಯಾಯಿಕರು ಅದಕ್ಕಿಂತ ಮುಂದೆ ಹೋಗಿ, ಮೊದಲೇ ಇದ್ದರೂ ಕಾರಣವೆಂದು ಎಣಿಸಬಾರದವುಗಳ ಪಟ್ಟಿ ಮಾಡಿದರು. ಅವಕ್ಕೆ ಅನ್ಯಥಾಸಿದ್ಧ ಎಂದು ಹೆಸರು. ಮಡಕೆಯ ಉದಾಹರಣೆ ಎಲ್ಲರೂ ಕೊಡುವುದು: ಮಣ್ಣು, ತಿಗರಿ, ಕೋಲು, ಕುಂಬಾರ ಇವೆಲ್ಲ ಕಾರಣ. ಮಣ್ಣು ಹೊತ್ತು ತಂದ ಕತ್ತೆ ಕಾರಣವಲ್ಲ. ಆ ಕತ್ತೆಯಿಲ್ಲದೆಯೂ ಮಡಕೆ ಆಗುತ್ತಿತ್ತು. ಕುಂಬಾರನ ಅಪ್ಪನೂ ಕಾರಣವಲ್ಲ. ಅವನು ಕುಂಬಾರನಿಗೆ ಕಾರಣ. ಮಡಕೆಯ ಲೆಕ್ಕದಲ್ಲಿ ಅವನನ್ನು ಎಳೆದು ತರುವುದು ಬೇಡ.

ಕತ್ತೆಯನ್ನು ಬಿಡುಗಡೆ ಮಾಡಿದ್ದಕ್ಕೆ ನಾನು ನೈಯಾಯಿಕರಿಗೆ ಕೈಮುಗಿಯುತ್ತೇನೆ. ಆಂಟೆನಾ ಹುಡುಗನ ಪರವಾಗಿಯೂ ಇದು ಸಲ್ಲಲಿ. ಆದರೆ ಅಪ್ಪನ ವಿಷಯದಲ್ಲಿ ಡೆಟ್ರಾಯಿಟ್ಟಿನ ಕಸುಬು ಬೇರೆ ಮಾತು ಹೇಳುತ್ತದೆ. ಅಲ್ಲಿ ನಾವು ಜಪಾನಿನ ಟೊಯೊಟಾದವರಿಂದ ಕಲಿತ ‘ಐದು ಸಲ ಏಕೆ’ ಎಂಬ ವಿಧಾನದಲ್ಲಿ ದಿನವೂ ಕುಂಬಾರನ ಅಪ್ಪನನ್ನೇ ಹುಡುಕುತ್ತಿದ್ದೆವು. ಬೋಲ್ಟು ಏಕೆ ಸಡಿಲ? ಯಂತ್ರ ಕಡಿಮೆ ಬಿಗಿಯಿತು. ಏಕೆ? ಪರೀಕ್ಷೆಯ ದಿನ ತಪ್ಪಿತ್ತು. ಏಕೆ? ಹೀಗೆ ಅಜ್ಜ ಮುತ್ತಜ್ಜನವರೆಗೆ. ಫೋರ್ಡಿನವರು 1980ರ ದಶಕದಲ್ಲಿ ರೂಪಿಸಿದ ‘8ಡಿ’ ಎಂಬ ವರದಿಯ ಕ್ರಮದಲ್ಲಿ ಇನ್ನೂ ಒಂದು ಪ್ರಶ್ನೆ ಇದೆ, ಅದು ನನಗೆ ಬಹಳ ಇಷ್ಟ: ತಪ್ಪು ಹುಟ್ಟಿದ್ದು ಎಲ್ಲಿ ಎಂಬುದರ ಜೊತೆಗೇ, ಅದು ನಮ್ಮ ಕಣ್ಣು ತಪ್ಪಿಸಿಕೊಂಡು ಹೊರಗೆ ಹೋದದ್ದು ಎಲ್ಲಿ?

ಈ ಎರಡು ದಾರಿಗಳು ಏಕೆ ಬೇರೆಯಾದವು ಎಂದು ಬಹಳ ದಿನ ಯೋಚಿಸಿದ್ದೇನೆ. ನೈಯಾಯಿಕನ ಮುಂದಿರುವುದು ಆದ ಮಡಕೆ. ಅದು ಹೇಗೆ ಆಯಿತು ಎಂದು ತಿಳಿದರೆ ಅವನ ಕೆಲಸ ಮುಗಿಯಿತು. ಡೆಟ್ರಾಯಿಟ್ಟಿನವನ ಮುಂದಿರುವುದು ಒಡೆದ ಮಡಕೆ. ಮುಂದಿನದು ಒಡೆಯದಂತೆ ಎಲ್ಲಿ ಕೈಹಾಕಬೇಕು ಎಂಬುದು ಅವನ ಚಿಂತೆ. ಒಡೆದದ್ದಕ್ಕೆ ಅಪ್ಪ ಬೇಕು, ಆದದ್ದಕ್ಕೆ ಬೇಡ. ಅಂದರೆ ಕಾರಣ ಯಾವುದು ಎಂಬ ಪ್ರಶ್ನೆಗೆ ಉತ್ತರ, ಕೇಳುವವನಿಗೆ ಏನು ಬೇಕಾಗಿದೆ ಎಂಬುದರ ಮೇಲೂ ನಿಂತಿದೆ. ಇದು ಸ್ವಲ್ಪ ಇರಿಸುಮುರಿಸಿನ ಮಾತು, ಆದರೆ ನನಗೆ ತಪ್ಪಿಸಿಕೊಳ್ಳಲು ದಾರಿ ಕಂಡಿಲ್ಲ.

ಹೊಣೆಯ ಮಾತು ಇನ್ನೂ ಬೇರೆ. ಟರ್ಬೊ, ಗಡುಸು ಗ್ಯಾಸ್ಕೆಟ್, ಚಳಿ, ಮೂರರಲ್ಲಿ ಯಾವುದೊಂದು ಇಲ್ಲದಿದ್ದರೂ ಅಂದು ಎಣ್ಣೆ ಸೋರುತ್ತಿರಲಿಲ್ಲ. ಕಾರಣದ ಲೆಕ್ಕದಲ್ಲಿ ಮೂರೂ ಸಮ. ಆದರೂ ಜನವರಿ ತಿಂಗಳಿಗೆ ಯಾರೂ ಬಿಲ್ಲು ಕಳಿಸುವುದಿಲ್ಲ. ಉಳಿದವರು ಇಬ್ಬರು: ಒತ್ತಡ ಹೆಚ್ಚಿಸಿದವನು, ಮತ್ತು ಎಂಟು ವರ್ಷ ಗ್ಯಾಸ್ಕೆಟ್ಟಿನ ಕಡೆ ನೋಡದೆ ಓಡಿಸಿ ಹಾಗೆಯೇ ದಾಟಿಸಿದವನು. ನನ್ನ ಮನಸ್ಸು ಮೊದಲು ಹುಡುಗನ ಮೇಲೇ ಹೊಣೆ ಹೊರಿಸುವ ಕಡೆ ವಾಲುತ್ತದೆ. ಒತ್ತಡ ಏರಿಸುವವನು ಆ ಒತ್ತಡವನ್ನು ತಡೆಯಬೇಕಾದವುಗಳನ್ನೆಲ್ಲ ಮೊದಲು ಮುಟ್ಟಿ ನೋಡಬೇಕು. ಹೆಚ್ಚಿದ ವೇಗದ ಸುಖ ಅವನದಾದ ಮೇಲೆ ಈ ಕಷ್ಟವೂ ಅವನದೇ. ಆ ಗ್ಯಾಸ್ಕೆಟ್ ತನಗೆ ಒಪ್ಪಿಸಿದ ಕೆಲಸವನ್ನು ಹನ್ನೆರಡು ವರ್ಷ ಮಾಡಿತ್ತು. ಅದನ್ನು ಕೇಳದೆ ಕೆಲಸ ಹೆಚ್ಚಿಸಲಾಯಿತು.

ಆದರೆ ಇದನ್ನು ಪೂರ್ತಿ ಒಪ್ಪಿದರೆ ಹಳೆಯದಕ್ಕೆ ಬಹಳ ಸುಲಭದ ಬಿಡುಗಡೆ ಸಿಗುತ್ತದೆ. ‘ನಮ್ಮ ಕಾಲದಲ್ಲಿ ಸೋರಿರಲಿಲ್ಲ’ ಎನ್ನುವವರ ಗ್ಯಾಸ್ಕೆಟ್ ಗಟ್ಟಿಯಿತ್ತು ಎಂದು ಅರ್ಥವಲ್ಲ, ಯಾರೂ ಅದನ್ನು ಪರೀಕ್ಷಿಸಿರಲಿಲ್ಲ ಎಂದಿರಬಹುದು. ಸೋರದೆ ಇರುವುದೂ ಆರೋಗ್ಯವಾಗಿರುವುದೂ ಒಂದೇ ಅಲ್ಲ. ನನ್ನ ಗೆಳೆಯರು ಈ ಮಾತನ್ನು ಬಾಯಿಬಿಟ್ಟು ಒಪ್ಪಲಿಲ್ಲ. ನಲವತ್ತು ಡಾಲರಿನ ಗ್ಯಾಸ್ಕೆಟ್ಟನ್ನು ತಾವೇ ಹೋಗಿ ತಂದು ಗ್ಯಾರೇಜಿನ ಮೇಜಿನ ಮೇಲಿಟ್ಟರು. ಕೊಳವೆಗೆ ಚಳಿ ತಾಗದ ಹೊದಿಕೆ ಮಗ ತಂದ. ಅದರ ಬಗ್ಗೆ ಅವರಿಬ್ಬರ ನಡುವೆ ಮಾತು ನಡೆಯಿತೋ ಇಲ್ಲವೋ, ನಾನು ಕೇಳಲಿಲ್ಲ.

ಇಂಥ ಜಗಳದಲ್ಲಿ ಸತ್ಯ ಯಾವುದು ಎಂಬುದಕ್ಕಿಂತ, ಸಾಬೀತು ಮಾಡಬೇಕಾದವರು ಯಾರು ಎಂಬುದೇ ಅನೇಕ ಸಲ ತೀರ್ಮಾನವಾಗಿಬಿಡುತ್ತದೆ. ಮನೆಗಳಲ್ಲಿ ಆ ಹೊರೆ ಬದಲಾಯಿಸಿದವನ ತಲೆಗೆ ಬರುತ್ತದೆ. ಅಮೆರಿಕದ ಕಾನೂನು ಒಂದು ಕಡೆ ಇದನ್ನು ತಿರುಗಿಸಿದೆ. 1975ರ ಜನವರಿಯಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಮ್ಯಾಗ್ನಸನ್-ಮಾಸ್ ಕಾಯಿದೆಯ ಪ್ರಕಾರ, ಬೇರೆ ಕಂಪನಿಯ ಭಾಗ ಕೂರಿಸಿದ ಮಾತ್ರಕ್ಕೆ ತಯಾರಕರು ವಾರಂಟಿ ಹೋಯಿತು ಎನ್ನುವಂತಿಲ್ಲ. ಆ ಭಾಗದಿಂದಲೇ ಕೆಟ್ಟಿತು ಎಂದು ತೋರಿಸಬೇಕಾದವರು ಅವರು. (ಮಿಷಿಗನ್ನಿನವರೇ ಆದ ಈ ಫೋರ್ಡರಿಗೂ ಕಾರಿನ ಫೋರ್ಡರಿಗೂ ನಂಟಿಲ್ಲ.) ಹುಡುಗನ ಕಾರಿನ ವಾರಂಟಿ ಎಂದೋ ಮುಗಿದಿತ್ತು, ಅವನಿಗೆ ಈ ಕಾಯಿದೆಯಿಂದ ಲಾಭವಿಲ್ಲ. ಆದರೂ ಅದರ ಹಿಂದಿನ ನ್ಯಾಯ ನನಗೆ ಸರಿ ಕಾಣುತ್ತದೆ. ಕಂಪನಿಯ ಬಳಿ ಪ್ರಯೋಗಾಲಯವಿದೆ, ಎಂಜಿನಿಯರುಗಳಿದ್ದಾರೆ. ಗಿರಾಕಿಯ ಬಳಿ ಇರುವುದು ಕೆಟ್ಟುನಿಂತ ಕಾರೊಂದೇ. ಸಾಬೀತಿನ ಭಾರ ಬಲಶಾಲಿಯ ಹೆಗಲಿಗೆ ಹೋಗಬೇಕು.

ಅದು ಬಲಹೀನರ ಹೆಗಲಿಗೆ ಬಿದ್ದಾಗ ಏನಾಗುತ್ತದೆ ಎಂಬುದಕ್ಕೆ ಗ್ಯಾಸ್ಕೆಟ್ಟಿನ ಚರಿತ್ರೆಯಲ್ಲೇ ಒಂದು ಕತೆಯಿದೆ. ಅದು ಶಿಕಾಗೋ ಮತ್ತು ಡೆಟ್ರಾಯಿಟ್ ಎರಡನ್ನೂ ಹಾದುಹೋಗುತ್ತದೆ.

ಶಿಕಾಗೋ ಪಕ್ಕದ ಸ್ಕೋಕಿಯಲ್ಲಿ ಫೆಲ್-ಪ್ರೊ ಎಂಬ ಗ್ಯಾಸ್ಕೆಟ್ ಕಾರ್ಖಾನೆ ಇತ್ತು. 1918ರಲ್ಲಿ ಮಾಡೆಲ್ ಟಿ ಕಾರುಗಳಿಗೆ ಉಣ್ಣೆಯ ಫೆಲ್ಟಿನ ಸೀಲು ಮಾಡಲು ಶುರುವಾದದ್ದು. ಮನೆತನದ ಕಂಪನಿ, ನೌಕರರ ಮಕ್ಕಳಿಗೆ ಶಿಶುವಿಹಾರ, ಬೇಸಿಗೆ ಶಿಬಿರ ನಡೆಸುತ್ತಿದ್ದ ಅದರ ಒಳ್ಳೆಯತನವನ್ನು ಈ ಕಸುಬಿನವರು ಈಗಲೂ ನೆನೆಯುತ್ತಾರೆ. 1998ರಲ್ಲಿ ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡಿನ ಫೆಡರಲ್-ಮೋಗಲ್ ಕಂಪನಿ ಅದನ್ನು 72 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷ ಇಂಗ್ಲೆಂಡಿನ ಟಿ ಅಂಡ್ ಎನ್ ಎಂಬ ದೊಡ್ಡ ಕಂಪನಿಯನ್ನೂ 200 ಕೋಟಿ ಡಾಲರಿಗೆ ಮಿಕ್ಕಿದ ಬೆಲೆಗೆ ಕೊಂಡಿತು. ಒಂದೇ ವರ್ಷದಲ್ಲಿ ಎಂಜಿನ್ನಿಗೆ ಎರಡು ದೊಡ್ಡ ಭಾಗ ಕೂರಿಸಿದಂತೆ. ಮೂರು ವರ್ಷಕ್ಕೆ, 2001ರ ಅಕ್ಟೋಬರಿನಲ್ಲಿ, ಫೆಡರಲ್-ಮೋಗಲ್ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಸೋರಿದ್ದು ಅಲ್ಲಿ.

ಒಡೆದದ್ದು ಎಲ್ಲಿ ಎಂದು ಮೇಲಕ್ಕೆ ಹತ್ತುತ್ತ ಹೋದರೆ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರು ಸಿಗುತ್ತದೆ. ಟಿ ಅಂಡ್ ಎನ್ ಎಂದರೆ ಟರ್ನರ್ ಅಂಡ್ ನ್ಯೂವಾಲ್, ಕಲ್ನಾರಿನ, ಅಂದರೆ ನಾವು ಆಸ್‌ಬೆಸ್ಟಾಸ್ ಎನ್ನುವುದರ, ದೊಡ್ಡ ತಯಾರಕರು. ಶಾಖಕ್ಕೆ ಸುಡದ ಆ ನಾರನ್ನು ಗ್ಯಾಸ್ಕೆಟ್ಟುಗಳಲ್ಲೂ ಬ್ರೇಕ್ ಲೈನಿಂಗುಗಳಲ್ಲೂ ದಶಕಗಳ ಕಾಲ ಬಳಸಿದರು. ಊರಿನ ಹಳೆಯ ಡ್ರೈವರುಗಳಿಗೆ ನೆನಪಿರಬಹುದಾದ ಫೆರೊಡೊ ಬ್ರೇಕ್ ಲೈನಿಂಗ್ ಇದೇ ಬಳಗದ್ದು. ರಾಚ್‌ಡೇಲಿನ ಟರ್ನರ್ ಬ್ರದರ್ಸ್ ಕಾರ್ಖಾನೆಯಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕರ್ಷಾ ಎಂಬ ಹೆಣ್ಣುಮಗಳು 1924ರಲ್ಲಿ, ಮೂವತ್ತಮೂರನೆಯ ವಯಸ್ಸಿಗೆ, ಶ್ವಾಸಕೋಶ ಕೆಟ್ಟು ತೀರಿಕೊಂಡಳು. ಕಾಯಿಲೆ ಬಿದ್ದಾಗ ನೆರವು ಕೇಳಿದ್ದಳು. ಇದು ನಮ್ಮ ಕೆಲಸದಿಂದ ಬಂದದ್ದಲ್ಲ ಎಂದು ಕಂಪನಿ ಕೊಡಲಿಲ್ಲ. ಡಬ್ಲ್ಯು. ಇ. ಕುಕ್ ಎಂಬ ವೈದ್ಯರು ಅವಳ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಒಳಗಿದ್ದ ಕಣಗಳು ಕಲ್ನಾರಿನವೇ ಎಂದು ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಹೊಳೆಯುವ ಬಣ್ಣ ಹಾಕಿ ಸೋರಿಕೆ ತೋರಿಸಿದ ಹಾಗೆಯೇ ಅದೂ. ಸಾಬೀತು ಮಾಡಲು ಅವಳ ಬಳಿ ಇದ್ದದ್ದು ಸ್ವಂತ ಶ್ವಾಸಕೋಶ ಮಾತ್ರ, ಅದನ್ನು ನೋಡಲು ಅವಳು ಸಾಯಬೇಕಾಯಿತು.

ಆಮೇಲೂ ಆ ನಾರಿನ ವ್ಯಾಪಾರ ದಶಕಗಳ ಕಾಲ ನಡೆಯಿತು. ಕಲ್ನಾರಿನ ಕಾಯಿಲೆಗಳು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಒಳಗೇ ಕುಳಿತಿದ್ದು ಹೊರಬರುತ್ತವೆ. ಅವುಗಳ ದಾವೆಗಳೆಲ್ಲ ಹೊಸ ಯಜಮಾನನ ಬಾಗಿಲಿಗೆ ಬಂದವು. ಸೌತ್‌ಫೀಲ್ಡಿನವರು ನೆಲ್ಲಿ ಕರ್ಷಾಳಿಗೆ ಕೆಲಸ ಕೊಟ್ಟವರಲ್ಲ, ಮಗ್ಗದ ಧೂಳು ಎಬ್ಬಿಸಿದವರಲ್ಲ. ನೈಯಾಯಿಕರ ಭಾಷೆಯಲ್ಲಿ ಅವರು ಕತ್ತೆ ಕೂಡ ಅಲ್ಲ. ಮಡಕೆ ಒಡೆದು ಎಷ್ಟೋ ವರ್ಷದ ಮೇಲೆ ಅಂಗಡಿ ಕೊಂಡವರು. ಅವರೇಕೆ ಕೊಡಬೇಕು?

ಕೊಡಬೇಕು ಎಂದೇ ನನ್ನ ಅಭಿಪ್ರಾಯ. ಟಿ ಅಂಡ್ ಎನ್ ಮೇಲೆ ಕಲ್ನಾರಿನ ದಾವೆಗಳಿರುವುದು ಕೊಳ್ಳುವಾಗಲೇ ಜಗಜ್ಜಾಹೀರಾಗಿತ್ತು. ಹೆಸರು, ಗಿರಾಕಿ, ಕಾರ್ಖಾನೆ, ಲಾಭ ಎಲ್ಲವನ್ನೂ ಕೊಂಡು, ಸಾಲದ ಚೀಟಿಯನ್ನು ಮಾತ್ರ ಹಳೆಯ ಯಜಮಾನನ ಗೋರಿಯ ಮೇಲಿಟ್ಟು ಬರುವಂತಿಲ್ಲ. ಅಪ್ಪನ ಆಸ್ತಿ ಬೇಕು, ಅಪ್ಪನ ಸಾಲ ಬೇಡ ಎಂದ ಮಗನನ್ನು ಊರಿನಲ್ಲಿ ಯಾರೂ ಒಪ್ಪುತ್ತಿರಲಿಲ್ಲ. ಹಾಗೆಂದು ಎಲ್ಲ ನ್ಯಾಯವಾಗಿ ಮುಗಿಯಿತೆಂದಲ್ಲ. 2007ರ ಕೊನೆಗೆ ಕಂಪನಿ ದಿವಾಳಿಯಿಂದ ಹೊರಬಂದಾಗ ರೋಗಿಗಳಿಗಾಗಿ ಒಂದು ನಿಧಿ ಏರ್ಪಟ್ಟಿತು, ಆದರೆ ಆರು ವರ್ಷ ಕಾಯುವಷ್ಟು ಉಸಿರು ಎಲ್ಲರಿಗೂ ಇರುವುದಿಲ್ಲ. ಸ್ಕೋಕಿಯ ಒಳ್ಳೆಯ ಕಂಪನಿಯ ನೌಕರರೂ ತಮ್ಮದಲ್ಲದ ಧೂಳಿಗೆ ಸಿಕ್ಕಿಕೊಂಡರು. 2018ರಲ್ಲಿ ಶಿಕಾಗೋ ಬಳಿಯ ಟೆನೆಕೊ ಕಂಪನಿ ಫೆಡರಲ್-ಮೋಗಲ್ಲನ್ನು ಕೊಂಡಿತು. ಅಂದರೆ ಗ್ಯಾಸ್ಕೆಟ್ಟಿನ ವ್ಯಾಪಾರ ಡೆಟ್ರಾಯಿಟ್ಟಿಗೆ ಹೋಗಿ ಮತ್ತೆ ನಮ್ಮ ಕಡೆಯ ಯಜಮಾನರ ಕೈಗೆ ಬಂತು.

ಇಷ್ಟು ಬರೆದ ಮೇಲೆ ನಮ್ಮ ಮನೆಗಳ ಕಡೆ ನೋಡದಿದ್ದರೆ ತಪ್ಪಿಸಿಕೊಂಡಂತಾಗುತ್ತದೆ. ವಿದ್ಯಾರಣ್ಯ ಕನ್ನಡ ಕೂಟದ ಯುಗಾದಿಯಿರಲಿ, ಪಂಪ ಕನ್ನಡ ಕೂಟದ ರಾಜ್ಯೋತ್ಸವವಿರಲಿ, ಊಟದ ಸಾಲಿನಲ್ಲಿ ನಿಂತಾಗ ಯಾರದೋ ಮಗಳು ಮನೆ ಬಿಟ್ಟದ್ದು, ಯಾರದೋ ಮಗ ಅಪ್ಪ-ಅಮ್ಮನ ಫೋನು ಎತ್ತದಿರುವುದು ಮೆಲ್ಲಗೆ ಮಾತಿಗೆ ಬರುತ್ತದೆ. ತೀರ್ಪು ಸಿದ್ಧವಾಗಿಯೇ ಇರುತ್ತದೆ: ಈ ದೇಶ, ಇಲ್ಲಿನ ಗಾಳಿ. ಊರಿನಿಂದ ಫೋನು ಮಾಡಿದವರೂ ಅದನ್ನೇ ಹೇಳುತ್ತಾರೆ, “ಅಲ್ಲಿಗೆ ಹೋಗದಿದ್ದರೆ ಹೀಗಾಗ್ತಿತ್ತಾ?” ಕೊನೆಗೆ ಕೂರಿಸಿದ ಭಾಗ ಅಮೆರಿಕ, ಸೋರಿದ್ದು ಅದರಿಂದಲೇ. ಹೋಗದೆ ಉಳಿದವರ ಮನೆಗಳಲ್ಲೂ ಈಗ ಅದೇ ಆಗುತ್ತಿದೆಯಲ್ಲ ಎಂದು ವ್ಯತಿರೇಕ ತೋರಿಸಿದರೆ ಮಾತು ಬದಲಾಗುತ್ತದೆ. ಈ ದೇಶ ಒತ್ತಡ ಏರಿಸುತ್ತದೆ, ಅದರಲ್ಲಿ ಅನುಮಾನವಿಲ್ಲ: ಅಜ್ಜಿಯಿಲ್ಲದ ಮನೆ, ಮಕ್ಕಳಿಗೆ ಎರಡು ಭಾಷೆ, ಎರಡು ಬಗೆಯ ನಾಚಿಕೆ. ಆದರೆ ಗಂಡ-ಹೆಂಡಿರ ನಡುವೆ, ಅಪ್ಪ-ಮಕ್ಕಳ ನಡುವೆ ಎಂದೋ ಗಡುಸಾಗಿದ್ದ ಯಾವುದನ್ನು ನಾವು ಊರಿನಿಂದಲೇ ಹೊತ್ತು ತಂದೆವು ಎಂಬುದನ್ನು ಯಾರೂ ಟಾರ್ಚು ಬಿಟ್ಟು ನೋಡಲು ಬಯಸುವುದಿಲ್ಲ. ನಮ್ಮ ಮಕ್ಕಳ ತಪ್ಪೋ ನಮ್ಮದೋ ಎಂದು ತೋರಿಸುವ ಬಣ್ಣದ ಬಾಟಲಿ ಅಂಗಡಿಯಲ್ಲಿ ಸಿಗುವುದಿಲ್ಲ. ಡಬ್ಬಿ ತೆಗೆದು ಅದೇ ಚಳಿಗಾಲವನ್ನು ಇನ್ನೊಮ್ಮೆ ಓಡಿಸಿ ನೋಡುವುದೂ ಸಾಧ್ಯವಿಲ್ಲ. ಕಾರಣ ಗೊತ್ತಾಗದೆಯೇ ಹೊಣೆ ಹೊರಬೇಕಾದ ಸ್ಥಿತಿ ಇದು.

ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ, ಶಿಕಾಗೋ ಕಡೆಯವರು. ಮಗ ಆ್ಯನ್ ಆರ್ಬರಿನಲ್ಲಿದ್ದಾನೆ. ಮೂರು ವರ್ಷ ಇಬ್ಬರಿಗೂ ಮಾತಿರಲಿಲ್ಲ. ಏಕೆ ಎಂಬುದರ ಬಗ್ಗೆ ಅಪ್ಪನ ಕತೆ ಒಂದು, ಮಗನ ಕತೆ ಇನ್ನೊಂದು. ಎರಡನ್ನೂ ಕೇಳಿದ್ದೇನೆ, ಎರಡೂ ನಿಜವೆನ್ನಿಸುತ್ತವೆ. ಹೋದ ವರ್ಷದಿಂದ ಹಿರಿಯರು ತಿಂಗಳಿಗೊಮ್ಮೆ ಐ-94 ಹಿಡಿದು, ನಾಲ್ಕು ಗಂಟೆ ಕಾರು ಓಡಿಸಿಕೊಂಡು ಅಲ್ಲಿಗೆ ಹೋಗುತ್ತಾರೆ. ಆ ಹಳೆಯ ವಿಷಯ ತೆಗೆಯುತ್ತೀರೋ ಎಂದು ಕೇಳಿದೆ. ಇಲ್ಲ ಎಂದರು. ಮತ್ತೆ ಹೋಗಿ ಏನು ಮಾಡುತ್ತೀರಿ?

“ಹುಲ್ಲು ಕತ್ತರಿಸಿ ಬರ್ತೀನಿ,” ಎಂದರು. “ಅವನಿಗೆ ಪುರಸೊತ್ತಿರಲ್ಲ.”